ಅಮೆರಿಕದ ರಾಜ್ಯಗಳ ಕ್ರಿಮಿನಲ್ ಜಸ್ಟಿಸ್ ಗ್ರಾಂಟ್: ಪದ ತಿಳಿದು ಲೆಕ್ಕ ಇಡುವ ಬಗೆ

80,000 ಡಾಲರ್ ಗ್ರಾಂಟ್ (ಸರ್ಕಾರದ ಅನುದಾನ), ಶೇ. 20 ಮ್ಯಾಚ್ (ಸಂಸ್ಥೆಯೇ ಹಾಕಬೇಕಾದ ಪಾಲು). ಸಂಸ್ಥೆ ತನ್ನ ಕಡೆಯಿಂದ ಎಷ್ಟು ತೋರಿಸಬೇಕು? ಥಟ್ಟನೆ ಬಾಯಿಗೆ ಬರುವ ಉತ್ತರ 16,000. ಸರಿಯಾದ ಉತ್ತರ 20,000. ಶೇ. 20ನ್ನು ಹಿಡಿಯಬೇಕಾದ್ದು ಗ್ರಾಂಟ್ ಮೊತ್ತದ ಮೇಲಲ್ಲ, ಇಡೀ ಯೋಜನೆಯ ವೆಚ್ಚದ ಮೇಲೆ. ಕೊರತೆ ಬರೀ 4,000 ಅಂದುಕೊಂಡರೂ ತಪ್ಪು. 16,000 ಮ್ಯಾಚ್‌ಗೆ 80:20 ಅನುಪಾತದಲ್ಲಿ ಒಪ್ಪುವ ಫೆಡರಲ್ (ಕೇಂದ್ರ ಸರ್ಕಾರದ) ಹಣ 64,000 ಮಾತ್ರ. ಅನುಪಾತಕ್ಕೆ ತಕ್ಕಂತೆ ಇಳಿಸಿದರೆ ಉಳಿದ 16,000 ಡಾಲರ್ ವಾಪಸ್ ಹೋಗಬೇಕು.

ಈ ಕ್ಷೇತ್ರದಲ್ಲಿ ಪ್ರತಿ ಪದದ ಹಿಂದೆಯೂ ಇಂಥದ್ದೊಂದು ಲೆಕ್ಕ ಇರುತ್ತದೆ, ಇಲ್ಲವೇ ಒಂದು ಗಡುವು ಇರುತ್ತದೆ. ಆದ್ದರಿಂದ ಪದಗಳನ್ನು ಅಕಾರಾದಿಯಾಗಿ ಕಲಿಯುವುದರಿಂದ ಹೆಚ್ಚು ಉಪಯೋಗವಿಲ್ಲ. ಹಣ ವಾಷಿಂಗ್ಟನ್‌ನಿಂದ ಹೊರಟು ಒಂದು ಆಶ್ರಯಧಾಮದ ಬಾಡಿಗೆಯಾಗುವ ತನಕ ಯಾವ ಹಂತದಲ್ಲಿ ಯಾವ ಪದ ಎದುರಾಗುತ್ತದೋ ಆ ಕ್ರಮದಲ್ಲೇ ಹಿಡಿದರೆ ನೆನಪಿನಲ್ಲೂ ನಿಲ್ಲುತ್ತದೆ, ಕಡತವೂ ಸರಿಯಿರುತ್ತದೆ. ಸಣ್ಣ ಲಾಭರಹಿತ ಸಂಸ್ಥೆಯ ಖಜಾಂಚಿ, ಕೌಂಟಿ ಕಚೇರಿಯ ಲೆಕ್ಕಿಗರು, ಆಡಳಿತ ಮಂಡಳಿಗೆ ಹೊಸದಾಗಿ ಸೇರಿದವರು ಇವರನ್ನೇ ಗಮನದಲ್ಲಿ ಇಟ್ಟುಕೊಂಡು ಇದನ್ನು ಬರೆದಿದೆ. ನ್ಯೂಜೆರ್ಸಿಯ ಮಾನವಿ, ಷಿಕಾಗೊದ ಅಪ್ನಾ ಘರ್, ಬೇ ಏರಿಯಾದ ಮೈತ್ರಿ ಇಂಥ ದಕ್ಷಿಣ ಏಷ್ಯಾ ಸಂಸ್ಥೆಗಳು ಬೆಳೆದ ಮೇಲೆ, ಕೌಟುಂಬಿಕ ಹಿಂಸೆಗೆ ಸಿಕ್ಕವರಿಗೆ ನೆರವಾಗುವ ಇಂಥ ಕೆಲಸ ಕನ್ನಡಿಗರಿಗೂ ಹತ್ತಿರದ್ದೇ.

ಮೊದಲ ಹೆಜ್ಜೆ: ಹಣದ ಮೂಲ ಯಾವುದು ಎಂದು ಗುರುತಿಸಿ

ರಾಜ್ಯ ಸರ್ಕಾರದ ಚೆಕ್ ಬಂದ ಮಾತ್ರಕ್ಕೆ ಅದು ರಾಜ್ಯದ ಹಣವಲ್ಲ. ಬಹುಪಾಲು ಅದು ಫೆಡರಲ್ ನ್ಯಾಯ ಇಲಾಖೆಯ ಫಾರ್ಮುಲಾ ಗ್ರಾಂಟ್, ಅಂದರೆ ಸ್ಪರ್ಧೆಯಿಲ್ಲದೆ ಕಾನೂನಿನ ಸೂತ್ರದ ಪ್ರಕಾರ ರಾಜ್ಯಗಳಿಗೆ ಹಂಚಿಕೆಯಾದ ಹಣ. ಅದನ್ನು ತೆಗೆದುಕೊಂಡು ಸ್ಥಳೀಯರಿಗೆ ಹಂಚುವ ರಾಜ್ಯದ ಕಚೇರಿಗೆ ಸ್ಟೇಟ್ ಅಡ್ಮಿನಿಸ್ಟರಿಂಗ್ ಏಜೆನ್ಸಿ, ಚಿಕ್ಕದಾಗಿ ಎಸ್ಎಎ ಎನ್ನುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಅದು ಪಿಸಿಸಿಡಿ, ಇಲಿನಾಯ್‌ನಲ್ಲಿ ಐಸಿಜೆಐಎ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಕಡೆಯ ಜ್ಯಾಗ್ (ಜಸ್ಟಿಸ್ ಅಸಿಸ್ಟೆನ್ಸ್ ಗ್ರಾಂಟ್) ಹಣ ಬಿಎಸ್‌ಸಿಸಿ ಮೂಲಕ ಬಂದರೆ ಸಂತ್ರಸ್ತರ ಸೇವೆಯ ಹಣ ಕ್ಯಾಲ್ ಒಇಎಸ್ ಮೂಲಕ ಬರುತ್ತದೆ. ನ್ಯೂಯಾರ್ಕ್‌ನಲ್ಲೂ ಹೀಗೇ ಎರಡು ಬೇರೆ ಕಚೇರಿಗಳು. ಒಂದೇ ರಾಜ್ಯದ ಎರಡು ಎಸ್ಎಎಗಳ ನಮೂನೆಗಳೂ ನಿಯಮಗಳೂ ಒಂದೇ ಇರುತ್ತವೆಂದು ನಂಬಬೇಡಿ.

ಮುಖ್ಯವಾಗಿ ಮೂರು ಹರಿವುಗಳಿವೆ.

ಬರ್ನ್ ಜ್ಯಾಗ್: 1988ರಲ್ಲಿ ಕರ್ತವ್ಯದ ಮೇಲಿದ್ದಾಗ ಕೊಲೆಯಾದ ನ್ಯೂಯಾರ್ಕ್ ಪೊಲೀಸ್ ಅಧಿಕಾರಿ ಎಡ್ವರ್ಡ್ ಬರ್ನ್ ಹೆಸರಿನದು. ಹಂಚಿಕೆಯಲ್ಲಿ ಅರ್ಧ ಜನಸಂಖ್ಯೆಗೆ, ಇನ್ನರ್ಧ ಹಿಂಸಾತ್ಮಕ ಅಪರಾಧಗಳ ಸಂಖ್ಯೆಗೆ. ರಾಜ್ಯದ ಪಾಲಿನಲ್ಲಿ ಶೇ. 60 ಎಸ್ಎಎಗೆ ಹೋಗುತ್ತದೆ, ಶೇ. 40 ನೇರವಾಗಿ ನಗರ, ಕೌಂಟಿಗಳಿಗೆ. ಫೆಡರಲ್ ಮಟ್ಟದಲ್ಲಿ ಮ್ಯಾಚ್ ಇಲ್ಲ.

ವೋಕಾ: 1984ರ ಅಪರಾಧ ಸಂತ್ರಸ್ತರ ಕಾಯ್ದೆ. ಇದರ ನಿಧಿಗೆ ತೆರಿಗೆ ಹಣ ಬರುವುದಿಲ್ಲ. ಫೆಡರಲ್ ಅಪರಾಧಿಗಳು ಕಟ್ಟಿದ ದಂಡವೇ ಅದರ ಮೂಲ. ಹೀಗಾಗಿ ದೊಡ್ಡ ಕಂಪನಿಗಳ ಮೊಕದ್ದಮೆ ಕಡಿಮೆಯಾದ ವರ್ಷಗಳಲ್ಲಿ ನಿಧಿ ಬತ್ತುತ್ತದೆ. ನಿಮ್ಮ ಗ್ರಾಂಟ್ ಏಕೆ ಕುಗ್ಗಿತು ಎಂಬ ಪ್ರಶ್ನೆಗೆ ಉತ್ತರ ಅನೇಕ ಸಲ ಇಲ್ಲೇ ಇರುತ್ತದೆ. ಕಂಪನಿಗಳು ವಿಚಾರಣೆ ತಪ್ಪಿಸಿಕೊಳ್ಳಲು ಮಾಡಿಕೊಳ್ಳುವ ಒಪ್ಪಂದಗಳ ಹಣವೂ ಈ ನಿಧಿಗೆ ಸೇರುವಂತೆ 2021ರಲ್ಲಿ ತಿದ್ದುಪಡಿ ಬಂತು. ಲೈಂಗಿಕ ದೌರ್ಜನ್ಯ, ಕೌಟುಂಬಿಕ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ, ಸೇವೆ ಸಾಕಷ್ಟು ತಲುಪದ ಸಮುದಾಯಗಳು ಈ ನಾಲ್ಕಕ್ಕೂ ರಾಜ್ಯ ಕನಿಷ್ಠ ಶೇ. 10 ಮೀಸಲಿಡಬೇಕು.

ಸ್ಟಾಪ್: 1994ರ ಮಹಿಳೆಯರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಅಡಿಯದು. ಪೊಲೀಸರಿಗೆ ಶೇ. 25, ಪ್ರಾಸಿಕ್ಯೂಟರ್‌ಗಳಿಗೆ ಶೇ. 25, ಸಂತ್ರಸ್ತರ ಸೇವೆಗೆ ಶೇ. 30, ನ್ಯಾಯಾಲಯಗಳಿಗೆ ಶೇ. 5, ಉಳಿದ ಶೇ. 15 ರಾಜ್ಯದ ವಿವೇಚನೆಗೆ. ಸಂತ್ರಸ್ತರ ಸೇವೆಯ ಪಾಲಿನಲ್ಲಿ ಕನಿಷ್ಠ ಶೇ. 10 ‘ಕಲ್ಚರಲಿ ಸ್ಪೆಸಿಫಿಕ್’, ಅಂದರೆ ಒಂದು ನಿರ್ದಿಷ್ಟ ಸಂಸ್ಕೃತಿಯ ಸಮುದಾಯಕ್ಕಾಗಿಯೇ ದುಡಿಯುವ ಸಂಸ್ಥೆಗಳಿಗೆ ಮೀಸಲು. ದಕ್ಷಿಣ ಏಷ್ಯಾ ಮಹಿಳೆಯರಿಗಾಗಿ ದುಡಿಯುವ ಸಂಸ್ಥೆಗಳು ಈ ಒಂದು ಪದವನ್ನು ತಿಳಿದಿರಲೇಬೇಕು, ಏಕೆಂದರೆ ಅರ್ಜಿಯಲ್ಲಿ ಆ ಮೀಸಲಿನಡಿ ಎಂದು ಗುರುತಿಸಿಕೊಳ್ಳದೆ ಸಾಮಾನ್ಯ ಸಾಲಿನಲ್ಲಿ ನಿಂತು ಸೋಲುವವರು ಉಂಟು.

ಹಣ ಯಾವ ಹರಿವಿನದು ಎಂಬುದಕ್ಕೆ ಪುರಾವೆ ಅಸಿಸ್ಟೆನ್ಸ್ ಲಿಸ್ಟಿಂಗ್ ನಂಬರ್, ಅಂದರೆ ಪ್ರತಿ ಫೆಡರಲ್ ನೆರವಿನ ಕಾರ್ಯಕ್ರಮಕ್ಕೂ ಇರುವ ಗುರುತಿನ ಸಂಖ್ಯೆ. ಜ್ಯಾಗ್ 16.738, ವೋಕಾ ಸಹಾಯ 16.575, ಸ್ಟಾಪ್ 16.588. ಮಂಜೂರಾತಿ ಪತ್ರದಲ್ಲಿ ಈ ಸಂಖ್ಯೆ ಹುಡುಕಿ ಲೆಕ್ಕದ ಪುಸ್ತಕದಲ್ಲಿ ಆ ಖಾತೆಯ ಹೆಸರಿನ ಜೊತೆಗೇ ಬರೆದಿಡಿ. ಮುಂದೆ ಆಡಿಟ್‌ನಲ್ಲಿ ಮೊದಲು ಕೇಳುವುದೇ ಇದನ್ನು.

ಎರಡನೆಯದು: ಅರ್ಜಿಗೆ ಮೊದಲು ನೋಂದಣಿ

ಯುಇಐ ಎಂಬ 12 ಅಕ್ಷರ-ಅಂಕಿಗಳ ಗುರುತು ಬೇಕು. 2022ರ ಏಪ್ರಿಲ್‌ನಲ್ಲಿ ಹಳೆಯ ಡನ್ಸ್ ಸಂಖ್ಯೆಯ ಜಾಗಕ್ಕೆ ಬಂದದ್ದು. ಅದು ಸಿಗುವುದು ಸ್ಯಾಮ್ (SAM.gov) ಎಂಬ ಫೆಡರಲ್ ನೋಂದಣಿ ಜಾಲತಾಣದಲ್ಲಿ. ರಾಜ್ಯದ ಮೂಲಕ ಹಣ ಪಡೆಯುವವರಿಗೆ ಫೆಡರಲ್ ನಿಯಮದಂತೆ ಯುಇಐ ಸಾಕು, ಪೂರ್ತಿ ನೋಂದಣಿ ಕಡ್ಡಾಯವಲ್ಲ. ಆದರೆ ಎಷ್ಟೋ ಎಸ್ಎಎಗಳು ಪೂರ್ತಿ ನೋಂದಣಿಯನ್ನೇ ಕೇಳುತ್ತವೆ, ಮತ್ತು ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಂಸ್ಥೆಯ ಹೆಸರು, ವಿಳಾಸ ದಾಖಲೆಗಳಲ್ಲಿ ಇರುವಂತೆಯೇ ಇರಬೇಕು. ‘ಸ್ಟ್ರೀಟ್’ ಎಂದು ಪೂರ್ತಿ ಬರೆಯುವ ಬದಲು ‘St.’ ಎಂಬ ಸಂಕ್ಷೇಪ ಹಾಕಿದ್ದಕ್ಕೂ ತಡೆ ಬೀಳಬಹುದು. ಅರ್ಜಿಯ ಗಡುವಿಗೆ ಆರು ವಾರ ಇರುವಾಗಲೇ ಇದನ್ನು ಮುಗಿಸಿ.

ಮೂರನೆಯದು: ಮಂಜೂರಾತಿ ಪತ್ರವನ್ನು ಪೆನ್ಸಿಲ್ ಹಿಡಿದು ಓದಿ

ಎಸ್ಎಎ ನಿಮಗೆ ಕೊಡುವುದು ಸಬ್‌ಅವಾರ್ಡ್, ನೀವು ಸಬ್‌ರೆಸಿಪಿಯೆಂಟ್, ಫೆಡರಲ್ ಹಣವನ್ನು ನಿಮಗೆ ದಾಟಿಸುವ ಎಸ್ಎಎ ಪಾಸ್-ಥ್ರೂ ಸಂಸ್ಥೆ. ಇಬ್ಬರಿಗೂ ಅನ್ವಯಿಸುವ ಮೂಲ ನಿಯಮಾವಳಿ ಯೂನಿಫಾರ್ಮ್ ಗೈಡೆನ್ಸ್, ಅಂದರೆ 2 ಸಿಎಫ್ಆರ್ 200. ಇದರ ಪರಿಷ್ಕೃತ ರೂಪ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಳೆಯ ಗ್ರಾಂಟ್ ಹಳೆಯ ಅಂಕಿಗಳ ಮೇಲೂ ಹೊಸದು ಹೊಸ ಅಂಕಿಗಳ ಮೇಲೂ ನಡೆಯುತ್ತಿರಬಹುದು. ನಿಮ್ಮ ಪತ್ರದ ತಾರೀಖು ಯಾವುದು ಎಂದು ನೋಡಿಕೊಳ್ಳಿ.

ಪತ್ರದಲ್ಲಿ ನಾಲ್ಕು ಕಡೆ ಗುರುತು ಹಾಕಿ. ಒಂದು, ಪೀರಿಯಡ್ ಆಫ್ ಪರ್ಫಾರ್ಮೆನ್ಸ್, ಅಂದರೆ ಕಾರ್ಯಾವಧಿ. ಸೆಪ್ಟೆಂಬರ್ 30ಕ್ಕೆ ಅವಧಿ ಮುಗಿಯುವುದಾದರೆ ಅಕ್ಟೋಬರ್‌ನಲ್ಲಿ ನಡೆಯುವ ತರಬೇತಿಯ ಶುಲ್ಕವನ್ನು ಸೆಪ್ಟೆಂಬರ್‌ನಲ್ಲಿ ಕಟ್ಟಿದರೂ ಅದನ್ನು ಒಪ್ಪುವುದು ಕಷ್ಟ, ಏಕೆಂದರೆ ಸೇವೆ ಸಿಕ್ಕಿದ್ದು ಅವಧಿಯ ಆಚೆ. ಕೊನೆಯ ವಾರ ಹತ್ತು ಲ್ಯಾಪ್‌ಟಾಪ್ ಕೊಂಡರೂ ಪ್ರಶ್ನೆ ಬರುತ್ತದೆ: ಉಳಿದ ಏಳು ದಿನದ ಕೆಲಸಕ್ಕೆ ಹತ್ತು ಯಂತ್ರ ಏಕೆ ಬೇಕಿತ್ತು?

ಎರಡು, ಸ್ಪೆಷಲ್ ಕಂಡಿಷನ್ಸ್. ಇವು ಅಲಂಕಾರಕ್ಕೆ ಇರುವ ಷರತ್ತುಗಳಲ್ಲ. ಕೆಲವು ಈಡೇರುವ ತನಕ ಒಂದು ಡಾಲರೂ ಬಿಡುಗಡೆಯಾಗುವುದಿಲ್ಲ. ಮೂರು, ಪ್ರಯರ್ ಅಪ್ರೂವಲ್, ಅಂದರೆ ಮುಂಚಿತ ಅನುಮತಿ ಬೇಕಾದ ಖರ್ಚುಗಳ ಪಟ್ಟಿ. ಸಲಹೆಗಾರರಿಗೆ ದಿನಕ್ಕೆ 650 ಡಾಲರ್ ಅಥವಾ ಗಂಟೆಗೆ 81.25 ಡಾಲರ್ ಮೀರಿ ಕೊಡುವುದಾದರೆ ನ್ಯಾಯ ಇಲಾಖೆಯ ಹಣದಲ್ಲಿ ಮೊದಲೇ ಒಪ್ಪಿಗೆ ಬೇಕು. ನಾಲ್ಕು, ಟರ್ಮಿನೇಷನ್, ರದ್ದತಿಯ ಕಲಮು. ಆದ್ಯತೆಗೆ ಹೊಂದುತ್ತಿಲ್ಲ ಎಂಬ ಕಾರಣಕ್ಕೂ ನಿಲ್ಲಿಸಲು ಅವಕಾಶವಿದೆ. 2025ರ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆ ನೂರಾರು ಗ್ರಾಂಟ್‌ಗಳನ್ನು ಅರ್ಧದಲ್ಲೇ ರದ್ದು ಮಾಡಿದಾಗ ಸಿಬ್ಬಂದಿಯ ಸಂಬಳಕ್ಕೆ ಬೇರೆ ದಾರಿ ಇಟ್ಟುಕೊಳ್ಳದ ಸಂಸ್ಥೆಗಳು ಬಹಳ ನೊಂದವು.

ನಾಲ್ಕನೆಯದು: ಬಜೆಟ್ಟಿನ ಬಾಬ್ತುಗಳು

ಪ್ರತಿ ಖರ್ಚೂ ಮೂರು ಜರಡಿ ದಾಟಬೇಕು. ಅಲವಬಲ್: ಕಾನೂನು ಅದಕ್ಕೆ ಅನುಮತಿಸುತ್ತದೆಯೇ? ಅಲೊಕಬಲ್: ಅದು ಈ ಗ್ರಾಂಟ್‌ನ ಕೆಲಸಕ್ಕೇ ಆಯಿತೇ? ರೀಸನಬಲ್: ವಿವೇಕವಿರುವವರು ಅಷ್ಟು ಬೆಲೆ ಕೊಡುತ್ತಿದ್ದರೇ? ವೋಕಾ ಹಣದಲ್ಲಿ ನಿಧಿ ಸಂಗ್ರಹದ ಊಟ, ಲಾಬಿ, ಕಟ್ಟಡ ಖರೀದಿ ಸಲ್ಲ. ಜ್ಯಾಗ್ ಹಣದಲ್ಲಿ ಜಮೀನು, ಐಷಾರಾಮಿ ವಸ್ತು ಸಲ್ಲ. ಗಸ್ತಿನ ಪೊಲೀಸ್ ಕಾರು ಕೊಳ್ಳಬಹುದು, ಬೇರೆ ವಾಹನಗಳಿಗೆ ವಿಶೇಷ ಅನುಮತಿ ಬೇಕು.

ಇಂಡೈರೆಕ್ಟ್ ಕಾಸ್ಟ್ ಎಂದರೆ ಒಂದೇ ಯೋಜನೆಗೆ ಹೊಂದಿಸಲಾಗದ ಖರ್ಚು: ಲೆಕ್ಕಿಗರ ಸಂಬಳ, ಕಚೇರಿಯ ವಿಮೆ, ನಿರ್ದೇಶಕರ ಸಮಯ. ಇದಕ್ಕೆ ಸರ್ಕಾರದೊಂದಿಗೆ ಒಪ್ಪಂದದ ದರ ಇಲ್ಲದ ಸಂಸ್ಥೆ ಡಿ ಮಿನಿಮಿಸ್ ಎಂಬ ಸಿದ್ಧ ದರ ಬಳಸಬಹುದು, ಅದು ಶೇ. 10 ಇದ್ದದ್ದು ಈಗ ಶೇ. 15ರ ತನಕ ಏರಿದೆ. ಆದರೆ ಈ ಶೇಕಡಾವಾರು ಹಿಡಿಯಬೇಕಾದ್ದು ಇಡೀ ಬಜೆಟ್ಟಿನ ಮೇಲಲ್ಲ, ಎಂಟಿಡಿಸಿ ಎಂಬ, ಕೆಲವು ಬಾಬ್ತು ಕಳೆದ ನೇರ ಖರ್ಚಿನ ಮೊತ್ತದ ಮೇಲೆ. ಒಂದು ಬಜೆಟ್ ನೋಡಿ:

ಸಂಬಳ 1,20,000
ಸೌಲಭ್ಯಗಳು 30,000
ಪ್ರಯಾಣ 4,000
ಸಾಮಗ್ರಿ 6,000
ಕಚೇರಿ ಬಾಡಿಗೆ 24,000
ಸರ್ವರ್ ಯಂತ್ರ 15,000

ಒಟ್ಟು 1,99,000. ಬಾಡಿಗೆ, ಬಂಡವಾಳ ಯಂತ್ರ ಎರಡನ್ನೂ ಎಂಟಿಡಿಸಿಯಿಂದ ಕಳೆಯಬೇಕು. ಉಳಿದದ್ದು 1,60,000, ಅದರ ಶೇ. 15 ಎಂದರೆ 24,000. ಕಳೆಯದೆ ಲೆಕ್ಕ ಹಾಕಿದರೆ 29,850 ಬರುತ್ತದೆ, ವ್ಯತ್ಯಾಸ 5,850 ಆಡಿಟ್‌ನಲ್ಲಿ ಆಕ್ಷೇಪಣೆಯಾಗುತ್ತದೆ. ಬಂಡವಾಳ ಯಂತ್ರವೆಂದು ಎಣಿಸುವ ಬೆಲೆಯ ಮಿತಿಯೂ 5,000ದಿಂದ 10,000 ಡಾಲರ್‌ಗೆ ಏರಿದೆ. ಅದಕ್ಕಿಂತ ಕಡಿಮೆ ಬೆಲೆಯದು ಸಾಮಗ್ರಿಯ ಬಾಬ್ತಿಗೆ ಹೋಗುತ್ತದೆ, ನಿಮ್ಮ ಸಂಸ್ಥೆಯ ನೀತಿಯಲ್ಲೇ ಕಡಿಮೆ ಮಿತಿ ಇದ್ದರೆ ಅದೇ ಅನ್ವಯ. ಇನ್ನೊಂದು: ಬಾಡಿಗೆಯನ್ನು ನೇರ ಖರ್ಚಾಗಿ ತೋರಿಸಿ, ಅದೇ ಬಾಡಿಗೆಯನ್ನು ಇಂಡೈರೆಕ್ಟ್‌ನಲ್ಲೂ ಸೇರಿಸಿಬಿಟ್ಟರೆ ಎರಡು ಸಲ ಪಡೆದಂತೆ.

ಬಾಬ್ತಿನಿಂದ ಬಾಬ್ತಿಗೆ ಹಣ ಬದಲಿಸುವುದಕ್ಕೆ ಬಜೆಟ್ ಮಾಡಿಫಿಕೇಷನ್ ಎನ್ನುತ್ತಾರೆ. ಶೇ. 10ರ ತನಕ ಅನುಮತಿಯಿಲ್ಲದೆ ಬದಲಿಸಬಹುದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಆದರೆ ರಾಜ್ಯ ಅದಕ್ಕಿಂತ ಬಿಗಿ ನಿಯಮ ಇಡಬಹುದು. ಖರ್ಚು ಮಾಡಿ ಅನುಮತಿ ಕೇಳಬೇಡಿ, ಅನುಮತಿ ಕೈಗೆ ಬಂದ ಮೇಲೆ ಖರ್ಚು ಮಾಡಿ.

ಐದನೆಯದು: ಮ್ಯಾಚ್ ಕೂಡಿಸುವುದು

ಸೂತ್ರ ಇಷ್ಟೇ: ಫೆಡರಲ್ ಮೊತ್ತವನ್ನು ಫೆಡರಲ್ ಪಾಲಿನಿಂದ ಭಾಗಿಸಿ, ಬಂದದ್ದನ್ನು ಮ್ಯಾಚ್ ಪಾಲಿನಿಂದ ಗುಣಿಸಿ. 80,000 ಭಾಗಿಸು 0.80 ಎಂದರೆ 1,00,000; ಅದರ 0.20 ಎಂದರೆ 20,000. ಪೊಲೀಸ್, ಪ್ರಾಸಿಕ್ಯೂಟರ್‌ಗಳ ಸ್ಟಾಪ್ ಯೋಜನೆಗೆ ಶೇ. 25: 75,000 ಭಾಗಿಸು 0.75, ಮ್ಯಾಚ್ 25,000. ಸಂತ್ರಸ್ತರ ಸೇವಾ ಸಂಸ್ಥೆಗಳಿಗೆ ಸ್ಟಾಪ್‌ನಲ್ಲಿ ಮ್ಯಾಚ್ ಇಲ್ಲ. ವೋಕಾದ ಶೇ. 20ನ್ನು ಮನ್ನಾ ಮಾಡುವ ಅಧಿಕಾರ ರಾಜ್ಯಕ್ಕಿದೆ, ಬರಹದಲ್ಲಿ ಕೇಳಿ.

ನಗದೇ ಆಗಬೇಕೆಂದಿಲ್ಲ. ಇನ್-ಕೈಂಡ್ ಎಂದರೆ ವಸ್ತು ಅಥವಾ ಶ್ರಮದ ರೂಪದ ಮ್ಯಾಚ್. ಸಣ್ಣ ಸಂಸ್ಥೆಗಳಿಗೆ ಇದೇ ಆಸರೆ. 20,000 ಡಾಲರ್ ಮ್ಯಾಚ್‌ಗೆ, ಗಂಟೆಗೆ 25 ಡಾಲರ್ ಎಂದು ಹಿಡಿದರೆ 800 ಸ್ವಯಂಸೇವಕ ಗಂಟೆ ಬೇಕು, ತಿಂಗಳಿಗೆ ಸುಮಾರು 67. ಇಲ್ಲಿ ಎಡವುವುದು ದರದಲ್ಲಿ. ಬೆಲೆ ಕಟ್ಟಬೇಕಾದ್ದು ವ್ಯಕ್ತಿಯ ಅಂತಸ್ತಿಗಲ್ಲ, ಮಾಡಿದ ಕೆಲಸಕ್ಕೆ. ಕನ್ನಡ ಮಾತ್ರ ಬಲ್ಲ ಮಹಿಳೆಗೆ ನ್ಯಾಯಾಲಯದ ಕಾಗದವನ್ನು ಓದಿ ಹೇಳಿದ ಸ್ವಯಂಸೇವಕಿಗೆ ಆ ಎರಡು ಗಂಟೆ ದುಭಾಷಿಯ ದರ ಹಾಕಬಹುದು. ಅವರೇ ಅದೇ ದಿನ ಆಶ್ರಯಧಾಮದ ಅಡುಗೆಮನೆಗೆ ದಿನಸಿ ತಂದರೆ ಆ ಗಂಟೆಗೆ ದುಭಾಷಿಯ ದರ ಹತ್ತುವುದಿಲ್ಲ. ವಕೀಲರು ಬಟ್ಟೆ ಮಡಚಿದರೆ ಅದು ಬಟ್ಟೆ ಮಡಚಿದ ಕೂಲಿಯೇ. ದರ ಎಲ್ಲಿಂದ ಬಂತು ಎಂಬ ಆಧಾರದ ಹಾಳೆಯೂ ಕಡತದಲ್ಲಿರಲಿ.

ಸ್ವಯಂಸೇವಕರ ಹಾಳೆಯಲ್ಲಿ ತಾರೀಖು, ಶುರುವಾದ ಮತ್ತು ಮುಗಿದ ಸಮಯ, ಕೆಲಸದ ಬಗೆ, ಅವರ ಸಹಿ, ಮೇಲ್ವಿಚಾರಕರ ಸಹಿ ಇರಬೇಕು. ವರ್ಷದ ಕೊನೆಗೆ ಒಟ್ಟಿಗೆ ಕೂತು ತುಂಬಿದ ಹಾಳೆ, ಒಂದೇ ಶಾಯಿ, ಒಂದೇ ಕೈಬರಹ: ಪರಿಶೀಲಕರು ನೋಡಿದ ಕೂಡಲೇ ಗುರುತಿಸುತ್ತಾರೆ. ಒಂದೇ ಗಂಟೆಯನ್ನು ಎರಡು ಗ್ರಾಂಟ್‌ಗೆ ಮ್ಯಾಚ್ ಮಾಡುವಂತಿಲ್ಲ. ಕಾನೂನು ಪ್ರತ್ಯೇಕವಾಗಿ ಅನುಮತಿಸದ ಹೊರತು ಇನ್ನೊಂದು ಫೆಡರಲ್ ಹಣವೂ ಮ್ಯಾಚ್ ಆಗದು. ಗ್ರಾಂಟ್ ಹಣದಲ್ಲಿ ಸಲ್ಲದ ಖರ್ಚು ಮ್ಯಾಚ್‌ನಲ್ಲೂ ಸಲ್ಲದು.

ಆರನೆಯದು: ಸಪ್ಲಾಂಟಿಂಗ್ ಆಗದಂತೆ ನೋಡಿಕೊಳ್ಳುವುದು

ಇರುವ ಹಣಕ್ಕೆ ಸೇರಿಸುವುದು ಸಪ್ಲಿಮೆಂಟ್. ಇರುವ ಹಣವನ್ನು ಬೇಕೆಂದೇ ತೆಗೆದು ಆ ಜಾಗಕ್ಕೆ ಫೆಡರಲ್ ಹಣ ಕೂರಿಸುವುದು ಸಪ್ಲಾಂಟ್. ನಗರದ ಬಜೆಟ್‌ನಲ್ಲಿ ಮಾದಕ ವಸ್ತು ಪತ್ತೆದಳದ ಒಂದು ಹುದ್ದೆಗೆ 70,000 ಡಾಲರ್ ಈಗಾಗಲೇ ಇದೆ. ಜ್ಯಾಗ್ ಬಂದದ್ದೇ ಆ 70,000ವನ್ನು ರಸ್ತೆ ದುರಸ್ತಿಗೆ ತಿರುಗಿಸಿದರೆ ಅದು ಸಪ್ಲಾಂಟಿಂಗ್. ತೆರಿಗೆ ವಸೂಲಿ ಕುಸಿದು ಎಲ್ಲ ಇಲಾಖೆಗಳಲ್ಲೂ ಹುದ್ದೆ ಕಡಿತವಾಗಿ, ಗ್ರಾಂಟ್ ಇಲ್ಲದಿದ್ದರೂ ಆ ಹುದ್ದೆ ಹೋಗುತ್ತಿತ್ತು ಎಂದು ತೋರಿಸಬಲ್ಲಿರಾದರೆ ಮಾತು ಬೇರೆ. ಆದರೆ ತೋರಿಸಬೇಕಾದ್ದು ಕಾಗದದಲ್ಲಿ: ಅರ್ಜಿಗೆ ಮುಂಚಿನ ತಾರೀಖಿನ ಕೌನ್ಸಿಲ್ ನಿರ್ಣಯ, ಕಡಿತದ ನೋಟಿಸ್, ಹಿಂದಿನ ವರ್ಷಗಳ ಬಜೆಟ್. ಆಮೇಲೆ ಬರೆದ ವಿವರಣೆಗೆ ತೂಕ ಕಡಿಮೆ.

ಏಳನೆಯದು: ಸಂಬಳದ ದಾಖಲೆ

ಗ್ರಾಂಟ್ ಹಣದ ದೊಡ್ಡ ಪಾಲು ಸಂಬಳ, ಆಕ್ಷೇಪಣೆಯ ದೊಡ್ಡ ಪಾಲೂ ಅಲ್ಲೇ. ಒಬ್ಬ ಕಾರ್ಯಕರ್ತೆಯ ಸಮಯ ವೋಕಾಕ್ಕೆ ಶೇ. 60, ಸ್ಟಾಪ್‌ಗೆ ಶೇ. 40 ಎಂದು ಬಜೆಟ್ ಹೇಳಿದೆ ಎಂದುಕೊಳ್ಳಿ. ಅದು ಅಂದಾಜು ಮಾತ್ರ. ಬಿಲ್ ಮಾಡಬೇಕಾದ್ದು ನಿಜವಾಗಿ ದುಡಿದ ಗಂಟೆಗಳನ್ನು. ತಿಂಗಳ 160 ಗಂಟೆಯಲ್ಲಿ 110 ವೋಕಾ, 50 ಸ್ಟಾಪ್ ಆಗಿದ್ದರೆ ಹಾಗೆಯೇ ಬರಬೇಕು. ವರ್ಷವಿಡೀ ಪ್ರತಿ ಹಾಳೆಯಲ್ಲೂ ಕರಾರುವಾಕ್ಕಾಗಿ 96 ಮತ್ತು 64 ಕಂಡರೆ, ಇದು ದುಡಿದ ಲೆಕ್ಕವಲ್ಲ, ಬಜೆಟ್ ನಕಲು ಎಂದು ಪರಿಶೀಲಕರಿಗೆ ತಿಳಿಯುತ್ತದೆ. ಅಂದಾಜಿನಲ್ಲಿ ಬಿಲ್ ಮಾಡಿದ್ದರೂ ಆಮೇಲೆ ವಾಸ್ತವಕ್ಕೆ ತಾಳೆ ಹಾಕಿ ವ್ಯತ್ಯಾಸ ಸರಿಪಡಿಸಬೇಕು. ರಜೆಯ ಗಂಟೆಗಳನ್ನೂ ದುಡಿದ ಅನುಪಾತದಲ್ಲೇ ಹಂಚಿ. ಎಲ್ಲ ರಜೆಯನ್ನೂ ಹಣ ಹೆಚ್ಚಿರುವ ಗ್ರಾಂಟ್‌ಗೆ ತಳ್ಳಬೇಡಿ.

ಎಂಟನೆಯದು: ಹಣ ವಾಪಸ್ ಪಡೆಯುವುದು

ಭಾರತದಲ್ಲಿ ಸರ್ಕಾರಿ ಅನುದಾನದ ಕಂತು ಮೊದಲು ಬಂದು ಆಮೇಲೆ ಬಳಕೆ ಪ್ರಮಾಣಪತ್ರ ಕೊಡುವ ಪದ್ಧತಿ ನೋಡಿದವರಿಗೆ ಇಲ್ಲಿನ ರಿಇಂಬರ್ಸ್‌ಮೆಂಟ್ ಉಲ್ಟಾ ಕಾಣುತ್ತದೆ. ಮೊದಲು ಕೈಯಿಂದ ಖರ್ಚು, ಆಮೇಲೆ ಬಿಲ್ಲು, ಆಮೇಲೆ ಹಣ. ಸರಿಯಾದ ಬಿಲ್ಲು ಮುಟ್ಟಿದ 30 ದಿನದೊಳಗೆ ಪಾವತಿಸಬೇಕೆಂದು ನಿಯಮವಿದೆ, ಆದರೆ ತಿದ್ದುಪಡಿಗೆ ವಾಪಸ್ ಬಂದ ಬಿಲ್ಲಿಗೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಮೂರು ತಿಂಗಳಿಗೊಮ್ಮೆ ಬಿಲ್ ಮಾಡುವ ಸಂಸ್ಥೆ ನಾಲ್ಕೈದು ತಿಂಗಳ ಸಂಬಳವನ್ನು ತಾನೇ ಹೊರಬೇಕಾಗುತ್ತದೆ. ರಾಜ್ಯ ಒಪ್ಪಿದರೆ ತಿಂಗಳಿಗೊಮ್ಮೆ ಬಿಲ್ ಮಾಡಿ. ಮುಂಗಡ ಕೊಡುವ ರಾಜ್ಯಗಳೂ ಇವೆ. ಆ ಹಣದ ಬಡ್ಡಿಯಲ್ಲಿ ವರ್ಷಕ್ಕೆ 500 ಡಾಲರ್ ತನಕ ಇಟ್ಟುಕೊಳ್ಳಬಹುದು, ಮಿಕ್ಕಿದ್ದು ವಾಪಸ್. ಜ್ಯಾಗ್ ಮುಂಗಡದ ಬಡ್ಡಿಗೆ ಬೇರೆ ನಿಯಮ ಇರುವುದರಿಂದ ಎಸ್ಎಎಯನ್ನೇ ಕೇಳಿ.

ಆಬ್ಲಿಗೇಷನ್ ಮತ್ತು ಎಕ್ಸ್‌ಪೆಂಡಿಚರ್ ಒಂದೇ ಅಲ್ಲ. ಆರ್ಡರ್ ಕೊಟ್ಟು ಬದ್ಧರಾದದ್ದು ಮೊದಲನೆಯದು, ಖರ್ಚು ಬಿದ್ದದ್ದು ಎರಡನೆಯದು. ಡಿಆಬ್ಲಿಗೇಷನ್ ಎಂದರೆ ಖರ್ಚಾಗದ ಹಣವನ್ನು ಎಸ್ಎಎ ಹಿಂತೆಗೆದುಕೊಳ್ಳುವುದು. ಅವಧಿಯ ಅರ್ಧ ಕಳೆದಾಗ ಖರ್ಚು ಶೇ. 30 ಮಾತ್ರ ಆಗಿದ್ದರೆ ನೀವೇ ಕಾರಣ ಬರೆದು ತಿಳಿಸಿ. ಖಾಲಿ ಹುದ್ದೆಯ ಸಂಬಳ ಉಳಿದಿದೆ ಎಂದು ಮುಚ್ಚಿಟ್ಟುಕೊಂಡರೆ ಕೊನೆಗೆ ಆ ಹಣ ಹೋಗುತ್ತದೆ, ಮುಂದಿನ ವರ್ಷದ ಮಂಜೂರಾತಿಯೂ ಕುಗ್ಗುತ್ತದೆ.

ಒಂಬತ್ತನೆಯದು: ಮಾನಿಟರಿಂಗ್ ಮತ್ತು ಗೌಪ್ಯತೆ

ಎಸ್ಎಎ ಮೊದಲು ನಿಮ್ಮ ರಿಸ್ಕ್ ಅಳೆಯುತ್ತದೆ: ಹೊಸ ಸಂಸ್ಥೆಯೇ, ಹಿಂದಿನ ಆಡಿಟ್ ಹೇಗಿತ್ತು, ಸಿಬ್ಬಂದಿ ಬದಲಾದರೇ. ಅದರ ಮೇಲೆ ಡೆಸ್ಕ್ ರಿವ್ಯೂ (ತಮ್ಮ ಕಚೇರಿಯಲ್ಲೇ ಕೂತು ಕಡತ ನೋಡುವುದು) ಅಥವಾ ಖುದ್ದು ಭೇಟಿ. ತಪ್ಪು ಕಂಡರೆ ಕರೆಕ್ಟಿವ್ ಆ್ಯಕ್ಷನ್ ಪ್ಲಾನ್ ಕೇಳುತ್ತಾರೆ. ಅದರಲ್ಲಿ ‘ಎಚ್ಚರ ವಹಿಸುತ್ತೇವೆ’ ಎಂದು ಬರೆದರೆ ಸಾಲದು. ಯಾರು, ಏನನ್ನು, ಯಾವ ತಾರೀಖಿನೊಳಗೆ ಎಂದಿರಬೇಕು.

ಲೆಕ್ಕ ತೋರಿಸುವ ಭರದಲ್ಲಿ ಸಂತ್ರಸ್ತರ ಹೆಸರು ಹೊರಬೀಳಬಾರದು. ಇದು ಕಾನೂನಿನ ಕಟ್ಟಳೆ, ಅದಕ್ಕಿಂತ ಹೆಚ್ಚಾಗಿ ಒಂದು ಜೀವದ ಪ್ರಶ್ನೆ. ತುರ್ತಾಗಿ ಹೋಟೆಲ್ ಕೋಣೆ ಹಿಡಿದುಕೊಟ್ಟ ರಸೀದಿಯಲ್ಲಿ ಆಕೆಯ ಹೆಸರು, ಕೋಣೆಯ ಸಂಖ್ಯೆ, ಹೋಟೆಲಿನ ವಿಳಾಸ ಮೂರೂ ಇರುತ್ತವೆ. ಬಿಲ್ಲಿಗೆ ಲಗತ್ತಿಸುವ ಪ್ರತಿಯಲ್ಲಿ ಅವನ್ನು ಕಪ್ಪು ಪಟ್ಟಿಯಿಂದ ಮುಚ್ಚಿ, ಸಂಕೇತ ಸಂಖ್ಯೆ ಬರೆದು, ಸಂಕೇತದ ಪಟ್ಟಿಯನ್ನು ಬೀಗದೊಳಗೆ ಬೇರೆ ಇಡಿ. ಪಿಡಿಎಫ್‌ನಲ್ಲಿ ಮೇಲೆ ಕಪ್ಪು ಚೌಕ ಎಳೆದರೆ ಅಡಿಯ ಅಕ್ಷರ ನಕಲಿಗೆ ಸಿಗುತ್ತದೆ. ಮುದ್ರಿಸಿ, ಮುಚ್ಚಿ, ಮತ್ತೆ ಸ್ಕ್ಯಾನ್ ಮಾಡಿ. ನಮ್ಮ ಸಮುದಾಯ ಚಿಕ್ಕದು. ‘ಕನ್ನಡ ಮಾತಾಡುವ, ಇಬ್ಬರು ಮಕ್ಕಳಿರುವ, ಇಂಥ ಊರಿನ ಮಹಿಳೆ’ ಎಂದು ವರದಿಯಲ್ಲಿ ಬರೆದರೆ ಹೆಸರು ಬರೆದಂತೆಯೇ. ವರದಿಗೆ ಒಟ್ಟು ಸಂಖ್ಯೆ ಸಾಕು.

ನೀವು ಬೇರೊಬ್ಬರಿಗೆ ಕೆಲಸ ವಹಿಸಿದರೆ ಅವರು ಸಬ್‌ರೆಸಿಪಿಯೆಂಟೋ ಕಾಂಟ್ರಾಕ್ಟರೋ ಎಂದು ಮೊದಲೇ ನಿರ್ಧರಿಸಿ. ಯಾರಿಗೆ ಸೇವೆ ಕೊಡಬೇಕೆಂದು ತಾವೇ ತೀರ್ಮಾನಿಸುವ ಸಲಹಾ ಕೇಂದ್ರ ಸಬ್‌ರೆಸಿಪಿಯೆಂಟ್. ಎಲ್ಲರಿಗೂ ಮಾರುವ ತಂತ್ರಾಂಶವನ್ನೇ ನಿಮಗೂ ಮಾರುವವರು ಕಾಂಟ್ರಾಕ್ಟರ್. ಒಪ್ಪಂದದ ತಲೆಬರಹ ಏನೇ ಇರಲಿ, ಕೆಲಸದ ಸ್ವರೂಪವೇ ನಿರ್ಣಾಯಕ.

ಕೊನೆಯ ಹಂತ: ಆಡಿಟ್, ಕ್ಲೋಸ್‌ಔಟ್

ಸಿಂಗಲ್ ಆಡಿಟ್, ಅಂದರೆ ಸಂಸ್ಥೆಯ ಎಲ್ಲ ಫೆಡರಲ್ ಹಣಕ್ಕೂ ಸೇರಿ ಒಂದೇ ಆಡಿಟ್. ಅದು ಕಡ್ಡಾಯವಾಗುವ ಮಿತಿ 7,50,000ದಿಂದ 10,00,000 ಡಾಲರ್‌ಗೆ ಏರಿದೆ. 2024ರ ಅಕ್ಟೋಬರ್ 1 ಅಥವಾ ನಂತರ ಶುರುವಾದ ಲೆಕ್ಕವರ್ಷಗಳಿಗೆ ಹೊಸ ಮಿತಿ. ಎಣಿಸಬೇಕಾದ್ದು ಮಂಜೂರಾದ ಹಣವಲ್ಲ, ಆ ವರ್ಷ ಖರ್ಚಾದ ಫೆಡರಲ್ ಹಣ, ಅದೂ ಎಲ್ಲ ಇಲಾಖೆಗಳದ್ದನ್ನು ಕೂಡಿಸಿ. ವೋಕಾ 4,00,000, ವಸತಿ ಇಲಾಖೆ 4,50,000, ಆರೋಗ್ಯ 2,00,000 ಖರ್ಚಾಗಿದ್ದರೆ ಬಿಡಿಬಿಡಿಯಾಗಿ ಚಿಕ್ಕವು, ಒಟ್ಟು 10,50,000, ಆಡಿಟ್ ಬೇಕೇ ಬೇಕು. ವರದಿ ಕೈಗೆ ಬಂದ 30 ದಿನ ಅಥವಾ ವರ್ಷ ಮುಗಿದ ಒಂಬತ್ತು ತಿಂಗಳು, ಯಾವುದು ಮೊದಲೋ ಆಗ ಸಲ್ಲಿಸಬೇಕು.

ಅವಧಿ ಮುಗಿದ ಮೇಲೆ ಕ್ಲೋಸ್‌ಔಟ್‌ಗೆ, ಅಂದರೆ ಗ್ರಾಂಟ್‌ನ ಲೆಕ್ಕ ಮುಚ್ಚುವುದಕ್ಕೆ, ಸಬ್‌ರೆಸಿಪಿಯೆಂಟ್‌ಗೆ ಫೆಡರಲ್ ನಿಯಮದಲ್ಲಿ 90 ದಿನ, ಎಸ್ಎಎಗೆ 120 ದಿನ. ಎಸ್ಎಎ ತನ್ನ ಲೆಕ್ಕ ಮುಗಿಸಿಕೊಳ್ಳಲು ನಿಮಗೆ ಇನ್ನೂ ಕಡಿಮೆ ಕೊಡಬಹುದು. ಒಪ್ಪಂದದಲ್ಲಿ ಇರುವ ದಿನವೇ ಅಂತಿಮ. ಅಷ್ಟರೊಳಗೆ ಬಾಕಿ ಬಿಲ್ಲು ತೀರಿಸಿ, ಮ್ಯಾಚ್ ಪೂರ್ತಿಯಾಗಿದೆಯೇ ನೋಡಿ, ಕೊನೆಯ ಹಣಕಾಸು ವರದಿಯನ್ನು ಲೆಕ್ಕದ ಪುಸ್ತಕದೊಂದಿಗೆ ತಾಳೆ ಹಾಕಿ.

ಗ್ರಾಂಟ್ ಹಣದಲ್ಲಿ ಕೊಂಡ ಯಂತ್ರಕ್ಕೆ ಚೀಟಿ ಅಂಟಿಸಿ: ಸರಣಿ ಸಂಖ್ಯೆ, ಕೊಂಡ ತಾರೀಖು, ಬೆಲೆ, ಫೆಡರಲ್ ಪಾಲು, ಇರುವ ಜಾಗ ಪಟ್ಟಿಯಲ್ಲಿ ಬರಲಿ. ಕನಿಷ್ಠ ಎರಡು ವರ್ಷಕ್ಕೊಮ್ಮೆ ಯಂತ್ರವನ್ನು ಕಣ್ಣಾರೆ ಕಂಡು ಪಟ್ಟಿಗೆ ಸಹಿ ಹಾಕಿ. ಮಾರುವುದಕ್ಕೂ ಬಿಸಾಡುವುದಕ್ಕೂ ಮುನ್ನ ಎಸ್ಎಎಯ ಸೂಚನೆ ಕೇಳಿ. ದಾಖಲೆಗಳನ್ನು ಕೊನೆಯ ಹಣಕಾಸು ವರದಿ ಸಲ್ಲಿಸಿದ ದಿನದಿಂದ ಮೂರು ವರ್ಷ ಇಡಬೇಕು, ಗ್ರಾಂಟ್ ಮುಗಿದ ದಿನದಿಂದಲ್ಲ. ಮಧ್ಯೆ ಆಡಿಟ್ ಅಥವಾ ವ್ಯಾಜ್ಯ ಶುರುವಾದರೆ ಅದು ತೀರುವ ತನಕ. ಪೆಟ್ಟಿಗೆಯ ಹೊರಗೆ ಗ್ರಾಂಟ್ ಸಂಖ್ಯೆಯನ್ನೂ ‘ಈ ತಾರೀಖಿಗೆ ಮೊದಲು ನಾಶ ಮಾಡಬಾರದು’ ಎಂದೂ ದಪ್ಪ ಅಕ್ಷರದಲ್ಲಿ ಬರೆದು, ಮುಂದಿನ ಖಜಾಂಚಿಗೆ ಬೀಗದ ಕೈ ಜೊತೆ ಆ ಪಟ್ಟಿಯನ್ನೂ ಒಪ್ಪಿಸಿ.